ಓಟಿ ಎಷ್ಟು?

ಕೂಡಿಗೆಯ ಕಾಫಿ ಕ್ಯೂರಿಂಗಿನಲ್ಲಿ ಒಂಬತ್ತು ವರ್ಷದಿಂದ
ತೂಕ ಬರೆಯುವವಳು ನಾನು, ಸೆಲಿನ್.
ಒಳಬಂದ ಚೀಲ, ಹೊರಹೋದ ಚೀಲ,
ನಡುವೆ ಕಳೆದುಹೋದದ್ದಕ್ಕೆ ಒಂದು ಕಾಲಂ.

ಇಲ್ಲಿ ಯಾರೂ ಚೀಲದ ಹೊಟ್ಟೆ ನೋಡಿ ದುಡ್ಡು ಕೊಡುವುದಿಲ್ಲ.
ಒಂದಿಷ್ಟು ಚೆರ್ರಿ ತೆಗೆದು, ಸಿಪ್ಪೆ ಸುಲಿಸಿ, ತೂಗಿ ಕೇಳುತ್ತಾರೆ:
ಓಟಿ ಎಷ್ಟು?
ಐವತ್ತು ಕಿಲೋಗೆ ಇಪ್ಪತ್ತಾರು ಬೀಜ ಬಂದರೆ
ಬೆಳೆದವನ ಮುಖ ಸಡಿಲ.
ಉಳಿದದ್ದು ಹೊಟ್ಟು; ಇಟ್ಟಿಗೆ ಗೂಡಿನವರು ಒಯ್ಯುತ್ತಾರೆ.

ಹಾಗಾದರೆ ಮೂರು ವರ್ಷದ ಡಿಪ್ಲೊಮಾಕ್ಕೆ
ಓಟಿ ಎಷ್ಟು?

ಹಳೆ ಲಾರಿ ಚೀಟಿಯ ಬೆನ್ನಿಗೆ ಬರೆದೆ.
ಕುಶಾಲನಗರದ ಪಾಲಿಟೆಕ್ನಿಕ್, ಎಲೆಕ್ಟ್ರಾನಿಕ್ಸ್,
ಸರ್ಕಾರಿ ಫೀಸು. ಅದೇನು ದೊಡ್ಡದಲ್ಲ,
ಕ್ರಿಸ್‌ಮಸ್ಸಿನ ಸೀರೆ ಬಿಟ್ಟರೆ ಒಂದು ವರ್ಷ ಆಯಿತು.
ಸರ್ಕಾರಿ ಬಸ್ಸು ಬಂದರೆ ಪುಕ್ಕಟೆ, ಬಾರದ ದಿನ ಆಟೋ ಇಪ್ಪತ್ತು.
ದುಬಾರಿ ಎಂದರೆ ನನ್ನ ದಿನಗಳೇ.
ದಿನಕ್ಕೆ ನಾನೂರಿಪ್ಪತ್ತು, ತಿಂಗಳಿಗೆ ಇಪ್ಪತ್ತಾರು ದಿನ,
ಮೂವತ್ತಾರು ತಿಂಗಳು:
ಮೂರು ಲಕ್ಷ ತೊಂಬತ್ತಮೂರು ಸಾವಿರ, ಮೇಲೆ ಚಿಲ್ಲರೆ.
ಇಷ್ಟು ಬೆಲೆಯವಳು ನಾನೆಂದು ಗೊತ್ತಾದದ್ದು
ಕೆಲಸ ಬಿಡುವ ಲೆಕ್ಕ ಹಾಕಿದ ಮೇಲೆ.

ಆಚೆ ಬದಿಗೆ, ಮೈಸೂರಿನ ಫ್ಯಾಕ್ಟರಿಯ ಹದಿನೈದೂವರೆ ಸಾವಿರ.
ರೂಮು, ಊಟ, ಭಾನುವಾರ ಮನೆಗೆ ಬಂದು ಹೋಗುವುದು ಕಳೆದರೆ
ಹತ್ತು ಉಳಿದೀತು.
ಈಗಲೇ ಹತ್ತು ಸಾವಿರದ ಒಂಬೈನೂರಿಪ್ಪತ್ತು ಎಣಿಸುತ್ತೇನೆ,
ಮಧ್ಯಾಹ್ನ ಅಮ್ಮ ಕಟ್ಟಿದ ಮೀನು ಸಾರಿನ ಬುತ್ತಿ ಬೇರೆ.
ಎಲ್ಲ ಹೊಟ್ಟು. ಚೀಟಿ ಮಡಚಿಟ್ಟೆ.

ಅದು ಡಿಸೆಂಬರು. ಜನವರಿಯಲ್ಲಿ
ಹಾರಂಗಿ ಸೇತುವೆಯವರೆಗೆ ಲಾರಿಗಳು ಸಾಲುಗಟ್ಟಿದ ದಿನ
ತಕ್ಕಡಿಗೆ ಏನೋ ಆಯಿತು. ಮೇಲೆ ಏನೂ ಇಲ್ಲ,
ಕೆಂಪು ಅಂಕಿಯಲ್ಲಿ ನಾನೂರು ಗ್ರಾಂ.
ಮ್ಯಾನೇಜರರ ಬೊಬ್ಬೆ. ಪಿರಿಯಾಪಟ್ಟಣಕ್ಕೆ ಫೋನು.
ಪುಟ್ಟಬುದ್ಧಿ ಬೈಕಲ್ಲಿ ಬಂದ, ಮುಚ್ಚಳ ಬಿಚ್ಚಿದ,
ಇಪ್ಪತ್ತು ನಿಮಿಷ. ಬಿಲ್ಲು ಸಾವಿರದ ಎಂಟುನೂರು.
ಟಾರ್ಚು ಹಿಡಿದವಳು ನಾನು.

ಫೆಬ್ರವರಿಯಲ್ಲಿ ಮತ್ತೆ ಅದೇ ನಾನೂರು ಗ್ರಾಂ.
ಪುಟ್ಟಬುದ್ಧಿ ತಂಗಿಯ ಮದುವೆಯಲ್ಲಿದ್ದ, ಫೋನು ಎತ್ತಲಿಲ್ಲ.
ಮುಚ್ಚಳ ನಾನೇ ಬಿಚ್ಚಿದೆ.
ಲೋಡ್‌ಸೆಲ್ಲಿನ ಸಂದಿಯಲ್ಲಿ ಇರುವೆಗಳ ಒಂದು ಊರೇ,
ಮೊಟ್ಟೆ, ಮಣ್ಣು, ಕಾಫಿ ಹುಡಿ ಸಮೇತ.
ಹಲ್ಲುಜ್ಜುವ ಬ್ರಶ್ಶಿನಿಂದ ಒಕ್ಕಲೆಬ್ಬಿಸಿದೆ.
ಅಂಕಿ ಒಮ್ಮೆ ನಡುಗಿ ಸೊನ್ನೆಗೆ ನಿಂತಿತು.
ಮ್ಯಾನೇಜರು ಭೇಷ್ ಎಂದರು. ಚಹಾ ತರಿಸಿದರು,
ಜೊತೆಗೆ ಒಂದು ಬನ್ನು.

ಕಾಗದ ಇದ್ದವನು ಮುಟ್ಟಿದರೆ ಬಿಲ್ಲು,
ಇಲ್ಲದವಳು ಮುಟ್ಟಿದರೆ ಉಪಕಾರ.
ಚೀಟಿ ಮತ್ತೆ ಬಿಚ್ಚಿದೆ.
ಬನ್ನನ್ನು ಯಾವ ಕಾಲಮಿಗೆ ಬರೆಯುವುದು?

ರಾತ್ರಿ ಅಮ್ಮನಿಗೆ ಹೇಳಿದೆ.
ಇದೇ ಗೋಡೌನಿನಲ್ಲಿ ಇಪ್ಪತ್ತೆಂಟು ವರ್ಷ
ಕರಿಬೀಜ ಆರಿಸಿದವಳು ತ್ರೇಸಮ್ಮ;
ಬಣ್ಣ ನೋಡುವ ಮೆಷಿನ್ನು ಬಂದ ವರ್ಷ
ಮನೆಗೆ ಕಳಿಸಿದ ನಲವತ್ತು ಹೆಂಗಸರಲ್ಲಿ ಒಬ್ಬಳು.
ಫೀಸು ಕೇಳಲಿಲ್ಲ. ಸಂಬಳವನ್ನೂ.
'ಆ ಮೆಷಿನ್ನು ಕೆಟ್ಟರೆ ಯಾರು ಬರ್ತಾರೆ?'
'ಕೊಯಮತ್ತೂರಿಂದ ಒಬ್ಬ.'
'ಅವನಿಗೆಷ್ಟು?'
ಹೇಳಿದೆ.
ಅಮ್ಮ ಮೊರದ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ
ಕಿಟಕಿಯಾಚೆ ಎಸೆದಳು. ಅಷ್ಟು ಜೋರಾಗಿ
ಎಸೆಯಬೇಕಾದ ಕಲ್ಲಲ್ಲ ಅದು.

ನಿನ್ನೆ ಪೇಟೆಯಲ್ಲಿ ಹತ್ತನೇ ಕ್ಲಾಸಿನ ಮಾರ್ಕ್ಸ್‌ಕಾರ್ಡು
ಜೆರಾಕ್ಸ್ ಮಾಡಿಸಿದೆ, ಮೂರು ಪ್ರತಿ.
ಮೂರರಲ್ಲೂ ಗಣಿತ ಮೂವತ್ತೊಂಬತ್ತೇ.
ಚೀಟಿಯ ಖರ್ಚಿನ ಬದಿಗೆ ಸೇರಿಸಿದೆ:
ಆರು ರೂಪಾಯಿ.